ಎಲ್ಲರೂ ಉದ್ಧಾರ ಆಗ್ತಾರೇನು?

ಕೊನೆಗೊಂದು ದಿನ ಪಾಪಿಗಳೂ ಸೇರಿ ಎಲ್ಲಾ ಆತ್ಮಗಳೂ ದೇವರನ್ನು ಸೇರುತ್ತವೆ ಎಂದು ನಂಬುವ ಕ್ರೈಸ್ತರಿದ್ದಾರೆ. ಮೂರನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಓರಿಜನ್ ಈ ವಿಚಾರ ಮುಂದಿಟ್ಟಿದ್ದ. ದೇವರ ಶಿಕ್ಷೆ ಸೇಡಲ್ಲ, ಔಷಧಿ ಎಂಬುದು ಅವನ ವಾದ. ರೋಗ ಹೋದ ಮೇಲೆ ಔಷಧಿ ಯಾಕೆ? ಚರ್ಚು ಒಪ್ಪಲಿಲ್ಲ. ಅವನು ಸತ್ತು ಸುಮಾರು 300 ವರ್ಷವಾದ ಮೇಲೆ, 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆ ಅವನನ್ನು ಧರ್ಮಭ್ರಷ್ಟರ ಪಟ್ಟಿಗೆ ಸೇರಿಸಿತು. ಹೆಚ್ಚುಕಡಿಮೆ ಅದೇ ನಂಬಿಕೆಯ ನಿಸ್ಸಾದ ಗ್ರೆಗರಿ ಮಾತ್ರ ಸಂತನಾಗೇ ಉಳಿದ.

ಎಲ್ಲಿಯದೋ ಜಗಳ ಅನ್ನಬೇಡ್ರಿ. ನಮ್ಮ ಶಹಾಬಾದಿನಿಂದ ಸೇಡಂ ಕಡೆ ಹೋದರೆ ಕಾಗಿಣಾ ದಡದ ಮೇಲೆ ಮಳಖೇಡ ಅದ. ನೃಪತುಂಗನ ರಾಜಧಾನಿ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ಊರು. ಈ ಪ್ರಶ್ನೆಗೆ ‘ಇಲ್ಲ’ ಎಂದ ಎರಡು ಪರಂಪರೆಗಳು ಅಲ್ಲಿ ನೆಲೆಸಿದ್ದವು.

ಮೊದಲನೆಯದು ಜೈನರದು. ಜೀವಗಳಲ್ಲಿ ಮೋಕ್ಷದ ಯೋಗ್ಯತೆ ಇರುವವರು ಭವ್ಯರು, ಇಲ್ಲದವರು ಅಭವ್ಯರು. ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಬೇಯುವ, ಬೇಯದ ಕಾಳಿನ ಹೋಲಿಕೆ ಕೊಡುತ್ತಾನೆ. ಎಷ್ಟು ಕುದಿಸಿದರೂ ಕೆಲವು ಕಾಳು ಬೇಯೋದಿಲ್ಲ! ಅದಕ್ಕೆ ‘ಅಷ್ಟಶತಿ’ ಎಂಬ ವ್ಯಾಖ್ಯಾನ ಬರೆದ ಅಕಲಂಕ ಮಳಖೇಡದವನೆಂದು ಜೈನ ಕಥೆಗಳು ಹೇಳುತ್ತವೆ.

ಎರಡನೆಯದು ಮಧ್ವರದು. ಮಳಖೇಡದಲ್ಲಿ ಅಕ್ಷೋಭ್ಯತೀರ್ಥರ ವೃಂದಾವನ ಇದೆ. ‘ನ್ಯಾಯಸುಧಾ’ ಬರೆದ ಜಯತೀರ್ಥರು ಅವರ ಶಿಷ್ಯರು. ದ್ವೈತದ ಲೆಕ್ಕದಲ್ಲಿ ಜೀವರು ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ನಿತ್ಯಸಂಸಾರಿಯದು ಎಂದೂ ಮುಗಿಯದ ಲೂಪ್. ತಮೋಯೋಗ್ಯರಿಗೆ ಕೊನೆಯಿಲ್ಲದ ಕತ್ತಲೆ. ಇದು ದೇವರ ಕ್ರೌರ್ಯವಲ್ಲ. ಜೀವದ ಸ್ವಭಾವವೇ ಅನಾದಿ, ಅದನ್ನು ದೇವರು ಹುಟ್ಟಿಸಿದ್ದಲ್ಲ ಎನ್ನುತ್ತಾರೆ. ಓರಿಜನ್ ದೇವರ ಕರುಣೆಯನ್ನು ಕಾಪಾಡಲು ಹೊರಟರೆ, ಇವರು ದೇವರ ಮೇಲೆ ಪಕ್ಷಪಾತದ ಆರೋಪ ಬರದಂತೆ ನೋಡಿಕೊಂಡರು.

ಮಧ್ವರ ನಿತ್ಯನರಕ ಕ್ರೈಸ್ತರಿಂದ ಬಂದಿರಬೇಕೆಂದು ಕೆಲವು ಪಾಶ್ಚಾತ್ಯ ವಿದ್ವಾಂಸರು ಊಹಿಸಿದ್ದರು. ಹೊರಗಿನಿಂದ ತರುವ ಅಗತ್ಯವೇನಿತ್ತು? ಎಂದೂ ಮುಕ್ತಿ ಸಿಗದ ಜೀವದ ಕಲ್ಪನೆ ಮಧ್ವರಿಗಿಂತ ಎಷ್ಟೋ ಮೊದಲೇ ಈ ನೆಲದ ಜೈನರಲ್ಲಿತ್ತು.

ನಮ್ಮ ಹಳ್ಳಿಗಳಲ್ಲಿ ಓದಿನಲ್ಲಿ ಹಿಂದಿರುವ ಹುಡುಗನಿಗೆ ‘ನೀ ಉದ್ಧಾರ ಆಗಂಗಿಲ್ಲ’ ಅಂತ ಸಲೀಸಾಗಿ ಹೇಳಿಬಿಡ್ತಾರೆ. ‘ಇಲ್ಲ’ ಎಂದ ಆಚಾರ್ಯರೂ ಇಂಥವನೇ ಅಯೋಗ್ಯ ಎಂದು ತೀರ್ಪು ಕೊಡುವ ಕೆಲಸವನ್ನು ಊರವರ ಕೈಗೆ ಕೊಟ್ಟಿರಲಿಲ್ಲ. ಜೈನ ವ್ಯಾಖ್ಯಾನಕಾರರಂತೂ ಇನ್ನೊಂದು ಮಾತು ಸೇರಿಸಿದರು: ತಾನು ಅಭವ್ಯನೇನೋ ಎಂಬ ಅನುಮಾನ ಅಭವ್ಯನಿಗೆ ಹುಟ್ಟುವುದೇ ಇಲ್ಲ. ಆ ಚಿಂತೆ ಯಾರನ್ನು ಕಾಡುತ್ತದೋ ಅವನಿಗೆ ದಾರಿ ಇದ್ದೇ ಇದೆ.