ಮಲೆಯ ಮಳೆಯೂ ಅಳಿವೆಯ ಬಾಳೂ

ಸಕಲೇಶಪುರ, ಆಲೂರು ಸೀಮೆಗಳವರಾದ ನಮಗೆ ಕಡಲು ದೂರದ ವಸ್ತು. ನದಿಯು ಸಮುದ್ರವನ್ನು ಕೂಡುವ ಸ್ಥಳವನ್ನು ಕರಾವಳಿಯವರು ಅಳಿವೆ ಎನ್ನುವರು. ಆ ಮಾತು ನಮ್ಮ ಮಲೆಯ ಮನೆಗಳಲ್ಲಿ ಕೇಳಿಬರುವುದು ಅಪರೂಪ. ಆದರೂ ಎರಡು ಕಡಲುಗಳ ಅಳಿವೆಗಳ ಯೋಗಕ್ಷೇಮವು ನಮ್ಮ ಬೆಟ್ಟಗಳ ಮೇಲೆ ಸುರಿಯುವ ಮಳೆಯನ್ನು ಆಶ್ರಯಿಸಿರುತ್ತದೆ. ಈ ಸಂಬಂಧದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬಿಸಿಲೆಯ ಹತ್ತಿರ ಮಂಕನಹಳ್ಳಿಯ ದಿಣ್ಣೆಯಲ್ಲಿ ಬಿದ್ದ ಮಳೆಯು ಇಬ್ಭಾಗವಾಗುವುದು. ಪೂರ್ವದ ಪಾಲು ಹೇಮಾವತಿಯನ್ನು ಸೇರಿ, ಕಾವೇರಿಯೊಡನೆ ಬಂಗಾಳ ಕೊಲ್ಲಿಗೆ ಹೋಗುವುದು. ಆಲೂರಿನ ವಾಟೆಹೊಳೆ, ಯಗಚಿಗಳದೂ ಇದೇ ಮಾರ್ಗ. ಪಶ್ಚಿಮದ ಪಾಲು ಕುಮಾರಧಾರೆಗೆ ಇಳಿಯುವುದು. ಎತ್ತಿನಹೊಳೆ, ಕೆಂಪುಹೊಳೆಗಳೂ ಗುಂಡ್ಯದ ಮೂಲಕ ಅದನ್ನೇ ಕೂಡುವುವು. ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ, ಮಂಗಳೂರಿನಲ್ಲಿ ಅರಬ್ಬೀ ಸಮುದ್ರವನ್ನು ಮುಟ್ಟುವುದು.

ಪಶ್ಚಿಮದ ಈ ಅಳಿವೆಯೊಡನೆ ನಮ್ಮ ನಂಟು ಹೊಸದಲ್ಲ. ೧೪ನೆಯ ಶತಮಾನದಲ್ಲಿ ಮಂಗಳೂರನ್ನು ಕಂಡ ಯಾತ್ರಿಕ ಇಬ್ನ್ ಬತೂತನು ಅಲ್ಲಿನ ವಿಶಾಲವಾದ ಅಳಿವೆಯನ್ನೂ ದೂರದೇಶದ ವರ್ತಕರನ್ನೂ ಉಲ್ಲೇಖಿಸಿರುವನು. ಟಿಪ್ಪು ಸುಲ್ತಾನನ ಕಾಲದಲ್ಲಿ, ೧೭೯೨ರ ವೇಳೆಗೆ ಕಟ್ಟಿ ಮುಗಿದ ಮಂಜರಾಬಾದಿನ ಕೋಟೆಯು ಆ ಬಂದರಿನಿಂದ ಘಟ್ಟವನ್ನೇರಿ ಬರುವ ದಾರಿಯನ್ನು ಕಾಯುತ್ತಿತ್ತು. ೧೯ನೆಯ ಶತಮಾನದ ನಡುವಿನಲ್ಲಿ ಕಾಫಿ ತೋಟಗಳು ಹಬ್ಬಿದ ಮೇಲೆ ಬೀಜದ ಮೂಟೆಗಳು ಅಲ್ಲಿಗೇ ಇಳಿದುವು. ಗಾಡಿಗಳ ದಾರಿಯು ನಮಗೆ ನೆನಪಿನಲ್ಲಿ ಉಳಿಯಿತು; ಹೊಳೆಗಳ ದಾರಿಯು ಮರೆತುಹೋಯಿತು.

ಅಳಿವೆಯೆಂಬುದು ಉಬ್ಬರವಿಳಿತಗಳಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುವ ಕ್ಷೇತ್ರ. ಕಡಲಿನಲ್ಲಿ ಹುಟ್ಟಿದ ಸಿಗಡಿಯ ಮರಿಗಳು ಇಲ್ಲಿಗೆ ಬಂದು, ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆದು, ಮತ್ತೆ ಕಡಲಿಗೆ ಮರಳುವುವು. ಮಳೆಗಾಲದ ನೆರೆಯು ಇಲ್ಲಿ ಮೂರು ಕಾರ್ಯಗಳನ್ನು ಮಾಡುವುದು: ಬೇಸಗೆಯಲ್ಲಿ ಒಳನುಗ್ಗಿದ ಉಪ್ಪನ್ನು ಹೊರದೂಡುವುದು, ಅಳಿವೆಯ ಬಾಯಿಗೆ ಅಡ್ಡಬಿದ್ದ ಮರಳನ್ನು ಕೊಚ್ಚುವುದು, ಮರಳು ಮೆಕ್ಕಲುಗಳನ್ನು ತಂದು ತೀರವನ್ನು ಪೋಷಿಸುವುದು. ಬೇಸಗೆಯಲ್ಲಾದರೋ, ಘಟ್ಟದ ಕಾಡು ಹಿಡಿದಿಟ್ಟು ಮೆಲ್ಲನೆ ಬಿಟ್ಟುಕೊಡುವ ನೀರೇ ನದಿಯ ಉಸಿರು. ೨೦೧೬ ಮತ್ತು ೨೦೧೯ರ ಬೇಸಗೆಗಳಲ್ಲಿ ನೇತ್ರಾವತಿಯು ಸೊರಗಿದಾಗ, ತುಂಬೆಯ ಕಟ್ಟೆಯನ್ನು ನೆಚ್ಚಿದ ಮಂಗಳೂರು ನಗರವು ಕುಡಿಯುವ ನೀರಿಗೆ ಪರದಾಡಿತು.

ಪೂರ್ವದ ನದಿಯ ಕಥೆಯು ಬೇರೆ. ೧೯೧೧ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆ, ೧೯೩೪ರ ಮೆಟ್ಟೂರು, ೧೯೭೯ರ ಗೊರೂರು ಇವೆಲ್ಲವೂ ಲಕ್ಷಾಂತರ ಜನರಿಗೆ ಅನ್ನವನ್ನಿತ್ತುವು, ಇದನ್ನು ಅಲ್ಲಗಳೆಯಲಾಗದು. ಆದರೆ ಮೆಕ್ಕಲು ಕಟ್ಟೆಗಳ ಹಿಂದೆಯೇ ನಿಂತಿತು. ಪೂಂಪುಹಾರಿನಲ್ಲಿ ಕಡಲನ್ನು ಸೇರುವ ಕಾವೇರಿಯು ನೆರೆಯ ದಿನಗಳ ಹೊರತು ಬಡಕಲಾಗಿರುವಳು. ಮುಖಜಭೂಮಿಯ ಅಂಚಿನಲ್ಲಿ ಅಂತರ್ಜಲಕ್ಕೆ ಉಪ್ಪು ಸೇರುತ್ತಿದೆ. ಅಳಿವೆಯ ಪಾಲನ್ನು ಲೆಕ್ಕದಲ್ಲಿ ಬರೆಯದೆ ಬಿಟ್ಟುದರ ಫಲವಿದು.

ಪಶ್ಚಿಮದ ಲೆಕ್ಕವನ್ನು ಈಗ ಬರೆಯಲಾಗುತ್ತಿದೆ. ನೇತ್ರಾವತಿಯ ನೀರನ್ನು ಬಯಲುಸೀಮೆಗೆ ತಿರುಗಿಸುವ ವಿಚಾರವನ್ನು ಎಂಜಿನಿಯರ್ ಜಿ. ಎಸ್. ಪರಮಶಿವಯ್ಯನವರು ಮುಂದಿಟ್ಟಿದ್ದರು. ಬಳಿಕ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳಿಂದ ಮಳೆಗಾಲದಲ್ಲಿ ೨೪.೦೧ ಟಿ.ಎಂ.ಸಿ. ನೀರನ್ನೆತ್ತುವ ಯೋಜನೆಗೆ ೨೦೧೪ರಲ್ಲಿ ಅಡಿಗಲ್ಲು ಬಿದ್ದಿತು. ೨೦೨೪ರ ಸೆಪ್ಟೆಂಬರ್ ೬ರಂದು ಸಕಲೇಶಪುರದ ನೆಲದಲ್ಲೇ ಮೊದಲ ಹಂತವು ಉದ್ಘಾಟಿತವಾಯಿತು. ಅಷ್ಟು ನೀರು ಅಲ್ಲಿಲ್ಲ, ದೊರೆಯುವುದು ಸುಮಾರು ೯.೫ ಟಿ.ಎಂ.ಸಿ. ಮಾತ್ರವೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಗಣಿಸಿರುವರು. ಕೋಲಾರ, ಚಿಕ್ಕಬಳ್ಳಾಪುರಗಳ ಬಾಯಾರಿಕೆ ಸತ್ಯವಾದುದು. ಫ್ಲೋರೈಡ್ ಬೆರೆತ ಕೊಳವೆಬಾವಿಯ ನೀರನ್ನು ಕುಡಿಯುವವರ ಮುಂದೆ ಮೀನಿನ ಮಾತನ್ನಾಡುವುದು ಸುಲಭವಲ್ಲ. ಆದರೆ ನೀರನ್ನೆತ್ತುವವರು ಕೊಡುವ ಮುಖ್ಯ ಕಾರಣವೊಂದನ್ನು ಪರೀಕ್ಷಿಸಲೇಬೇಕು: ಈ ನೀರು ಸಮುದ್ರಕ್ಕೆ ಹರಿದು ವ್ಯರ್ಥವಾಗುತ್ತಿದೆ ಎಂಬುದು. ಮೇಲೆ ಹೇಳಿದ ಮೂರು ಕಾರ್ಯಗಳನ್ನು ನಡೆಸುವುದು ಆ ಮಳೆಗಾಲದ ನೀರೇ ಅಲ್ಲವೆ?

ಅಮರಕೋಶದಲ್ಲಿ ಸಮುದ್ರಕ್ಕೆ ಸರಿತ್ಪತಿಯೆಂಬ ಹೆಸರಿದೆ. ಗಂಡನ ಮನೆಗೆ ಹೊರಟ ಮಗಳಿಗೆ ನಮ್ಮವರು ಮಡಿಲಕ್ಕಿ ತುಂಬುವರು. ತವರಿನ ಆ ಅಕ್ಕಿಯನ್ನು ಯಾರೂ ನಷ್ಟವೆಂದು ಬರೆದಿಡರು. ಬಯಲಿನವರಿಗೆ ಎಷ್ಟು ಕೊಡಬಹುದೆಂಬುದನ್ನು ಅಳಿವೆಗೆ ಎಷ್ಟು ಬೇಕೆಂದು ಅಳೆದ ಮೇಲೆ ನಿರ್ಣಯಿಸುವುದು ನ್ಯಾಯ. ಎತ್ತಿದ ನೀರಿನ ಪ್ರಮಾಣವನ್ನೂ ಕೆಳಗಿನ ಉಪ್ಪಿನ ಏರಿಳಿತವನ್ನೂ ವರ್ಷವರ್ಷವೂ ಅಳೆದು ಎರಡು ಸೀಮೆಗಳ ಜನರ ಮುಂದಿಡಬೇಕು. ಅಲ್ಲಿಯವರೆಗೆ ಮಲೆಯವರಾದ ನಮ್ಮ ಕೈಯಲ್ಲಿರುವ ಕೆಲಸವು ಒಂದಿದೆ: ಬಿಸಿಲೆ, ಕೆಂಪುಹೊಳೆಗಳ ಕಾಡನ್ನೂ ತೋಟದ ನೆರಳುಮರಗಳನ್ನೂ ಹಳ್ಳದಂಚಿನ ಜೌಗನ್ನೂ ಇನ್ನಷ್ಟು ಕಡಿಯದೆ, ಅಗೆಯದೆ ಉಳಿಸಿಕೊಳ್ಳುವುದು.