ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು: ಫಳಫಳ ಹೊಳೆದರೆ ಅಸಲಿಯೇ? ನಂಬರ್ ಹೊಂದಿದರೆ ಸಾಕೇ?

ಇಂಗ್ಲೆಂಡಿನ ಯಾವುದೋ ಹಳ್ಳಿಯ ಶೆಡ್ಡು. ಬಾಗಿಲು ತೆರೆದರೆ ದೂಳು ಹಿಡಿದ ಉದ್ದ ಮೂತಿಯ ಕಾರು. ಮುಂದಿನ ದೃಶ್ಯದಲ್ಲಿ ಅದೇ ಕಾರು ಕನ್ನಡಿಯಂತೆ ಹೊಳೆಯುತ್ತಿದೆ, ಕೆಳಗೆ ಕೋಟಿಗಳ ಲೆಕ್ಕ. ಇಂಥ ವಿಡಿಯೊ ನಿಮ್ಮ ಗುಂಪಿಗೂ ಬಂದಿರಬಹುದು. ಜೊತೆಗೆ 'ಎಂಜಿನ್ ನಂಬರ್ ಹೊಂದಿದರೆ ಅಸಲಿ', 'ಹಳೆಯದಾದಷ್ಟೂ ಬೆಲೆ ಜಾಸ್ತಿ' ಎಂಬ ಮಾತುಗಳೂ ಬರುತ್ತವೆ. ಇವುಗಳಲ್ಲಿ ಅರ್ಧ ಸತ್ಯವಿದೆ. ಆದರೆ ಈ ವ್ಯಾಪಾರದಲ್ಲಿ ಅರ್ಧ ಸತ್ಯ ನಂಬಿದವರು ಜೀವಮಾನದ ಉಳಿತಾಯ ಕಳೆದುಕೊಳ್ಳಬಹುದು. ಇನ್ನು ಕೆಲವರು ಮನೆಯಲ್ಲಿದ್ದ ಒಳ್ಳೆಯ ಕಾರನ್ನು ತಾವೇ ಹಾಳುಮಾಡಿಕೊಳ್ಳುತ್ತಾರೆ.

ಬನ್ನಿ, ಒಂದೊಂದೇ ಮಾತನ್ನು ಪರೀಕ್ಷಿಸೋಣ. ಉದಾಹರಣೆಗೆ ನಾವು ಮುಖ್ಯವಾಗಿ ಜಾಗ್ವಾರ್ ಇ-ಟೈಪ್ ಕಾರನ್ನು ತೆಗೆದುಕೊಂಡಿದ್ದೇವೆ. 1961ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಹೊರಬಂದ ಇದು 1974ರವರೆಗೆ ತಯಾರಾಯಿತು.

ಹೇಳಿಕೆ 1: ಹಳೆಯದಾದಷ್ಟೂ ಬೆಲೆ ಹೆಚ್ಚು

ತಪ್ಪು. ವಯಸ್ಸೊಂದೇ ಬೆಲೆ ತರುವುದಿಲ್ಲ.

ಮೊದಲು ಒಂದು ಪದದ ಗೊಂದಲ ಬಿಡಿಸಿಕೊಳ್ಳೋಣ. ಹಳೆಯ ಕಾರನ್ನೆಲ್ಲ ನಾವು 'ವಿಂಟೇಜ್' ಅಂದುಬಿಡುತ್ತೇವೆ. ಬ್ರಿಟನ್ನಿನ ಹವ್ಯಾಸಿಗಳು ಆ ಪದವನ್ನು 1919ರಿಂದ 1930ರವರೆಗೆ ತಯಾರಾದ ಕಾರುಗಳಿಗೆ ಮಾತ್ರ ಬಳಸುತ್ತಾರೆ. ಇ-ಟೈಪ್, ಎಂಜಿಬಿ, ಆಸ್ಟಿನ್-ಹೀಲಿ 3000 ಮುಂತಾದವು ಅವರ ಲೆಕ್ಕದಲ್ಲಿ 'ಕ್ಲಾಸಿಕ್'.

ಬೆಲೆ ನಿಂತಿರುವುದು ಎರಡರ ಮೇಲೆ: ಎಷ್ಟು ಕಾರು ಉಳಿದಿವೆ, ಎಷ್ಟು ಜನಕ್ಕೆ ಬೇಕಾಗಿದೆ. 1930ರ ದಶಕದ ಎಷ್ಟೋ ಸಾಮಾನ್ಯ ಮನೆಬಳಕೆಯ ಕಾರುಗಳು ಇ-ಟೈಪ್‌ಗಿಂತ ಹಳೆಯವು, ಆದರೂ ಬೆಲೆಯಲ್ಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಇ-ಟೈಪ್‌ನಲ್ಲೂ ಎಲ್ಲವೂ ಒಂದೇ ಅಲ್ಲ. ಒಟ್ಟು ತಯಾರಾದದ್ದು 72,000ಕ್ಕೂ ಹೆಚ್ಚು. ಆರಂಭದ ತೆರೆದ ಕಾರುಗಳಿಗೆ ಬೇಡಿಕೆ ಹೆಚ್ಚು. 1966ರಲ್ಲಿ ಬಂದ, ಹಿಂದೆ ಎರಡು ಪುಟ್ಟ ಸೀಟುಗಳಿರುವ ಮಾದರಿಗೆ ಕಡಿಮೆ. ಇನ್ನು, ರೇಸಿಗೆಂದೇ 1963-64ರಲ್ಲಿ ಅಲ್ಯೂಮಿನಿಯಂ ಮೈಯಿಟ್ಟು ಮಾಡಿದ 'ಲೈಟ್‌ವೆಯ್ಟ್' ಇ-ಟೈಪ್‌ಗಳು ಬರೀ 12. ಅವುಗಳಲ್ಲೊಂದು 2017ರಲ್ಲಿ ಅಮೆರಿಕದ ಹರಾಜಿನಲ್ಲಿ 73.7 ಲಕ್ಷ ಡಾಲರಿಗೆ ಹೋಯಿತು. 'ಇ-ಟೈಪ್‌ಗೆ ಇಷ್ಟು ಕೋಟಿ' ಎನ್ನುವ ಫಾರ್ವರ್ಡ್ ಬಂದರೆ 'ಯಾವ ಇ-ಟೈಪ್‌ಗೆ?' ಎಂದು ಮೊದಲು ಕೇಳಿ.

ಹೇಳಿಕೆ 2: ಹೊಳೆಯುವ ಕಾರು ಒಳ್ಳೆಯ ಕಾರು

ಹೊಳಪು ಹೇಳುವುದು ಪೇಂಟ್ ಹೊಸದು ಎಂಬುದನ್ನು ಮಾತ್ರ. ಅದರ ಕೆಳಗೇನಿದೆ ಎಂಬುದು ಬೇರೆ ಮಾತು.

ಇ-ಟೈಪ್‌ನ ನಡುಭಾಗ ಉಕ್ಕಿನ ತಗಡಿನ ತೊಟ್ಟಿಯಂತಿದೆ. ಅದರ ಮುಂದೆ ಎಂಜಿನ್ ಹೊರುವ ಕೊಳವೆಗಳ ಚೌಕಟ್ಟನ್ನು ಬೋಲ್ಟ್ ಹಾಕಿ ಬಿಗಿದಿದ್ದಾರೆ. ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ಮಂಜುಗಡ್ಡೆ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು, ನೀರು, ಉಕ್ಕು ಒಟ್ಟಾದರೆ ತುಕ್ಕು ಬೇಗ ಹಿಡಿಯುತ್ತದೆ. ಬಾಗಿಲ ಕೆಳಗಿನ ಅಂಚು, ಕಾಲಿಡುವ ನೆಲ, ಚೌಕಟ್ಟಿನ ಕೊಳವೆಗಳ ಒಳಗೋಡೆ ಮೊದಲು ಕೊಳೆಯುತ್ತವೆ. ಸರಿಯಾಗಿ ಮಾಡುವವರು ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುತ್ತಾರೆ. ಮೋಸ ಮಾಡುವವರು ಪುಟ್ಟಿ ಮೆತ್ತಿ ಪೇಂಟ್ ಹೊಡೆಯುತ್ತಾರೆ.

ಇದನ್ನು ಹಿಡಿಯಲು ಹಳೆಯ ಉಪಾಯ ಅಯಸ್ಕಾಂತ. ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತವನ್ನು ಮೈಮೇಲೆ ಆಡಿಸಿದರೆ ದಪ್ಪ ಪುಟ್ಟಿಯಿದ್ದಲ್ಲಿ ಅದು ಹಿಡಿಯುವುದಿಲ್ಲ. ಆದರೆ ಈ ಉಪಾಯವೂ ಎಲ್ಲ ಕಡೆ ನಡೆಯದು. ಆಸ್ಟಿನ್-ಹೀಲಿಯ ಮೈಯ ಕೆಲವು ಭಾಗ ಕಾರ್ಖಾನೆಯಿಂದಲೇ ಅಲ್ಯೂಮಿನಿಯಂ. ಅಲ್ಲಿ ಅಯಸ್ಕಾಂತ ಹಿಡಿಯದಿದ್ದರೆ ಅದು ದೋಷವಲ್ಲ, ಹಿಡಿದರೆ ಅನುಮಾನ ಪಡಬೇಕು. ಕಾರಿನ ಮಾದರಿ ತಿಳಿಯದೆ ಪರೀಕ್ಷೆ ಮಾಡಿದರೆ ಉತ್ತರವೂ ತಪ್ಪಾಗುತ್ತದೆ.

ಇನ್ನೊಂದು ಮುಖ್ಯ ಸಂಗತಿ: ಕಾರ್ಖಾನೆಯ ಪೇಂಟ್, ಸವೆದ ಚರ್ಮದ ಸೀಟು, ಮೊದಲ ಗಾಜು ಉಳಿದಿರುವ ಮಾಸಲು ಕಾರಿಗೆ ಎಷ್ಟೋ ಸಲ ಹೊಸದಾಗಿ ಸಿಂಗರಿಸಿದ ಕಾರಿಗಿಂತ ಹೆಚ್ಚು ಬೆಲೆ ಬರುತ್ತದೆ. ಕಾರಣ ಸರಳ. ರಿಪೇರಿ ಹತ್ತು ಸಲ ಮಾಡಿಸಬಹುದು, ಮೂಲ ರೂಪ ಮಾತ್ರ ಒಮ್ಮೆ ಅಳಿಸಿದರೆ ಮತ್ತೆ ಬರುವುದಿಲ್ಲ.

ಹೇಳಿಕೆ 3: ನಂಬರ್ ಹೊಂದಿದರೆ ಅಸಲಿ

ಇದು ಅರ್ಧ ಸತ್ಯ. ನಂಬರ್ ನೋಡಲೇಬೇಕು, ಆದರೆ ಅಲ್ಲಿಗೇ ನಿಲ್ಲಬಾರದು.

ಇ-ಟೈಪ್‌ನಲ್ಲಿ ಚಾಸಿ, ಎಂಜಿನ್, ಗೇರ್‌ಬಾಕ್ಸ್, ಬಾಡಿ ನಾಲ್ಕಕ್ಕೂ ಬೇರೆ ಬೇರೆ ನಂಬರ್ ಇದೆ. ಇವು ಒಂದೇ ಸಂಖ್ಯೆಯಾಗಿರುವುದಿಲ್ಲ. ಕಾರು ಕಾರ್ಖಾನೆ ಬಿಟ್ಟಾಗ ದಾಖಲಾದ ಸಂಖ್ಯೆಗಳೊಂದಿಗೆ ಹೊಂದಬೇಕು ಎಂಬುದು ಇದರ ಅರ್ಥ.

ನಂಬರ್‌ಗಳೇ ಒಂದು ಕಥೆ ಹೇಳುತ್ತವೆ. 3.8 ಲೀಟರ್‌ನ ಮೊದಲ ಇ-ಟೈಪ್‌ಗಳಲ್ಲಿ ಬಲಗಡೆ ಸ್ಟಿಯರಿಂಗ್ ಇರುವ ತೆರೆದ ಕಾರಿನ ಚಾಸಿ ನಂಬರ್ 850001ರಿಂದ ಶುರುವಾಗುತ್ತದೆ, ಎಡಗಡೆಯದ್ದು 875001ರಿಂದ. ಇ-ಟೈಪ್‌ಗಳಲ್ಲಿ ಹೆಚ್ಚಿನವು ಹೋದದ್ದು ಅಮೆರಿಕಕ್ಕೆ. ಅವುಗಳಲ್ಲಿ ಎಷ್ಟೋ ಬ್ರಿಟನ್ನಿಗೆ ವಾಪಸ್ ಬಂದು ಸ್ಟಿಯರಿಂಗ್ ಬಲಕ್ಕೆ ಬದಲಾದವು. ಹೀಗಾಗಿ ಚಾಸಿ ನಂಬರ್ 875 ಎಂದು ಶುರುವಾಗಿ ಸ್ಟಿಯರಿಂಗ್ ಬಲಗಡೆ ಇದ್ದರೆ ಅದು ಹುಟ್ಟಿದ್ದು ಹಾಗಲ್ಲ ಎಂದು ತಕ್ಷಣ ಗೊತ್ತಾಗುತ್ತದೆ. ಹಾಗೆಯೇ 3.8 ಲೀಟರ್ ಎಂಜಿನ್ ನಂಬರ್ 'ಆರ್' ಅಕ್ಷರದಿಂದ ಶುರುವಾದರೆ, 1964ರಲ್ಲಿ ಬಂದ 4.2 ಲೀಟರ್ ಎಂಜಿನ್ನಿನದು '7ಇ'ಯಿಂದ. 1961ರ ಕಾರಿನೊಳಗೆ '7ಇ' ಕಂಡರೆ ಎಂಜಿನ್ ಬದಲಾಗಿದೆ ಎಂದೇ ಅರ್ಥ. ಇದು ಅಪರಾಧವಲ್ಲ, ಆದರೆ ಬೆಲೆಯಲ್ಲಿ ಕಾಣಬೇಕು.

ಈ ಸಂಖ್ಯೆಗಳನ್ನು ತಾಳೆ ನೋಡಲು ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್ ಕಾರ್ಖಾನೆಯ ದಾಖಲೆ ಆಧರಿಸಿ ಪ್ರಮಾಣಪತ್ರ ಕೊಡುತ್ತದೆ. ತಯಾರಾದ ದಿನ, ಮೂಲ ಬಣ್ಣ, ಮೊದಲು ಯಾವ ಡೀಲರಿಗೆ ಹೋಯಿತು ಎಂಬುದೂ ಅದರಲ್ಲಿರುತ್ತದೆ. ಎಂಜಿ, ಆಸ್ಟಿನ್-ಹೀಲಿ ಕಾರುಗಳಿಗೆ ಗೇಡನ್ ಊರಿನ ಬ್ರಿಟಿಷ್ ಮೋಟರ್ ಮ್ಯೂಸಿಯಂ ಇದೇ ಕೆಲಸ ಮಾಡುತ್ತದೆ.

ಎಚ್ಚರವಿರಲಿ: ಪ್ರಮಾಣಪತ್ರ ಹೇಳುವುದು ಕಾರು ಹೇಗೆ ಹುಟ್ಟಿತು ಎಂಬುದನ್ನು, ಈಗ ಹೇಗಿದೆ ಎಂಬುದನ್ನಲ್ಲ. ಹಳೆಯ ಸಂಖ್ಯೆಯನ್ನು ಉಜ್ಜಿ ತೆಗೆದು ಬೇಕಾದ ಸಂಖ್ಯೆ ಕುಟ್ಟುವುದು ಕಷ್ಟದ ಕೆಲಸವೇನಲ್ಲ. ಅಕ್ಷರದ ಆಕಾರ, ಆಳ, ಸುತ್ತಲಿನ ಉಜ್ಜಿದ ಗುರುತು ನೋಡಿ ಅನುಭವಿಗಳು ಇದನ್ನು ಪತ್ತೆಮಾಡುತ್ತಾರೆ. ಚಾಸಿ ನಂಬರ್ ಕುಟ್ಟಿರುವುದೂ ಮುಂದಿನ ಚೌಕಟ್ಟಿನ ಮೇಲೆ, ಅಂದರೆ ಬೋಲ್ಟ್ ಬಿಚ್ಚಿ ಬದಲಿಸಬಹುದಾದ ಭಾಗದ ಮೇಲೆ!

ಹೇಳಿಕೆ 4: ಭಾಗ ಬದಲಾದರೆ ಕಾರು ನಕಲಿ

ಊರ ತೇರನ್ನೇ ನೋಡಿ. ಗಾಲಿ ಸವೆದರೆ ಹೊಸದು ಹಾಕಿಸುತ್ತಾರೆ, ಅಚ್ಚು ಮುರಿದರೆ ಬದಲಿಸುತ್ತಾರೆ. ಹಾಗಂತ 'ಇದು ನಮ್ಮೂರ ತೇರಲ್ಲ' ಎಂದು ಯಾರೂ ಹೇಳುವುದಿಲ್ಲ. ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಹೈಕೋರ್ಟ್ ಮುಂದೆ ಬಂತು. ಪಣಕ್ಕಿದ್ದದ್ದು 1 ಕೋಟಿ ಪೌಂಡ್.

ಆ ಕಾರು 'ಓಲ್ಡ್ ನಂಬರ್ ವನ್' ಎಂಬ ಬೆಂಟ್ಲಿ ಸ್ಪೀಡ್ ಸಿಕ್ಸ್. ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸನ್ನು 1929 ಮತ್ತು 1930ರಲ್ಲಿ ಸತತವಾಗಿ ಗೆದ್ದದ್ದು. ಆಮೇಲೆ ಅದಕ್ಕೆ 8 ಲೀಟರಿನ ದೊಡ್ಡ ಎಂಜಿನ್ ಕೂರಿಸಿದರು. 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ರೇಸಿನಲ್ಲಿ ಅದು ಅಪಘಾತಕ್ಕೀಡಾಗಿ ಚಾಲಕ ಕ್ಲೈವ್ ಡನ್‌ಫೀ ತೀರಿಕೊಂಡರು. ನಂತರ ಕಾರನ್ನು ಮತ್ತೆ ಕಟ್ಟಿ ಬೇರೆ ಬಾಡಿ ಹಾಕಿದರು. ದಶಕಗಳ ನಂತರ ಖರೀದಿಗೆ ಒಪ್ಪಿದ ಕಂಪನಿ 'ಇದು ಅಸಲಿ ಓಲ್ಡ್ ನಂಬರ್ ವನ್ ಅಲ್ಲ' ಎಂದು ಹಿಂದೆ ಸರಿಯಿತು. ಮಾಲೀಕರು ಕೋರ್ಟಿಗೆ ಹೋದರು.

ನ್ಯಾಯಾಧೀಶರು ಭಾಗ ಭಾಗ ಲೆಕ್ಕ ಹಾಕಿಸಿದರು. 1929ರ ಕಾರಿನದು ಎಂದು ಖಚಿತವಾಗಿ ಹೇಳಬಹುದಾದದ್ದು ಹೆಚ್ಚುಕಡಿಮೆ ಏನೂ ಉಳಿದಿರಲಿಲ್ಲ. ಆದರೂ ತೀರ್ಪು ಮಾಲೀಕರ ಪರವಾಗಿ ಬಂತು. ಕಾರು ಒಂದೇ ಸಲಕ್ಕೆ ಸತ್ತು ಮತ್ತೆ ಹುಟ್ಟಿರಲಿಲ್ಲ; ಹಂತ ಹಂತವಾಗಿ ಬದಲಾಗುತ್ತ ಬಂದಿತ್ತು. ಅದರ ಚರಿತ್ರೆಯ ಎಳೆ ಎಲ್ಲೂ ಕಡಿದಿರಲಿಲ್ಲ, 'ನಾನೇ ಆ ಕಾರು' ಎನ್ನಬಲ್ಲ ಇನ್ನೊಂದು ಕಾರೂ ಇರಲಿಲ್ಲ. ಹಾಗಾಗಿ ಅದು ನಿಜವಾದ ಓಲ್ಡ್ ನಂಬರ್ ವನ್ ಎಂದು ಕೋರ್ಟ್ ಹೇಳಿತು.

ಇದಕ್ಕೆ ಸರಿಯಾಗಿ ಉಲ್ಟಾ ಉದಾಹರಣೆಯೂ ಇದೆ. ಲೈಟ್‌ವೆಯ್ಟ್ ಇ-ಟೈಪ್‌ಗೆ ಜಾಗ್ವಾರ್ 18 ಚಾಸಿ ನಂಬರ್ ಮೀಸಲಿಟ್ಟು 12 ಕಾರು ಮಾತ್ರ ಕಟ್ಟಿತ್ತು. ಉಳಿದ 6 ನಂಬರ್‌ಗಳಿಗೆ ಕಾರು ಕಟ್ಟುವುದಾಗಿ 2014ರಲ್ಲಿ ಅದೇ ಕಂಪನಿ ಘೋಷಿಸಿ, ಕಟ್ಟಿತು ಕೂಡ. ಹೆಸರು, ನಂಬರ್, ವಿನ್ಯಾಸ ಎಲ್ಲವೂ ಆ ಕಂಪನಿಯದೇ. ಆದರೂ ಯಾರೂ ಅವನ್ನು 1963ರ ಕಾರು ಎನ್ನುವುದಿಲ್ಲ, 'ಮುಂದುವರಿಕೆ' ಕಾರು ಎನ್ನುತ್ತಾರೆ. ಅವುಗಳಲ್ಲಿ ಎಲ್ಲವೂ ಇದೆ, ನಡುವಿನ 50 ವರ್ಷದ ಬದುಕು ಮಾತ್ರ ಇಲ್ಲ.

ಹಾಗಾದರೆ ಬೆಲೆ ಕಟ್ಟುವುದು ಹೇಗೆ?

ಅನುಭವಿಗಳು ಅನುಸರಿಸುವ ಕ್ರಮ ಹೆಚ್ಚುಕಡಿಮೆ ಇದು:

1. ಮಾದರಿ ಮತ್ತು ವರ್ಷ ಖಚಿತಪಡಿಸಿಕೊಳ್ಳುವುದು. ಮೊದಲ ಸುಮಾರು 500 ಇ-ಟೈಪ್‌ಗಳಲ್ಲಿ ಬಾನೆಟ್ ಬೀಗ ಹೊರಗಿತ್ತು. ಅಂಥ ಕಾರಿಗೆ ಬೇಡಿಕೆ ಹೆಚ್ಚು. ಹೀಗಾಗಿ ನಕಲು ಮಾಡುವವರೂ ಇದ್ದಾರೆ.

2. ನಾಲ್ಕೂ ನಂಬರ್‌ಗಳನ್ನು ಕಾರಿನ ಮೇಲೆಯೇ ಓದಿ ಪ್ರಮಾಣಪತ್ರದೊಂದಿಗೆ ತಾಳೆ ನೋಡುವುದು.

3. ಕಡತ ಓದುವುದು. ಹಳೆಯ ನೋಂದಣಿ ಪುಸ್ತಕ, ಗ್ಯಾರೇಜಿನ ಬಿಲ್ಲು, ವಾರ್ಷಿಕ ತಪಾಸಣೆಯ ಚೀಟಿ, ರಿಪೇರಿ ನಡೆಯುವಾಗ ತೆಗೆದ ಫೋಟೊ. ನಡುವೆ ವರ್ಷಗಳೇ ಮಾಯವಾಗಿದ್ದರೆ ಕಾರಣ ಕೇಳಬೇಕು.

4. ಕಾರನ್ನು ಎತ್ತಿಸಿ ಅಡಿಭಾಗ ನೋಡುವುದು. ಸತ್ಯ ಇರುವುದು ಕೆಳಗೆ.

5. ಅದೇ ಮಾದರಿಯ, ಅದೇ ಸ್ಥಿತಿಯ ಕಾರು ಇತ್ತೀಚೆಗೆ ಮಾರಾಟವಾದ ಬೆಲೆ ನೋಡುವುದು. ಜಾಹೀರಾತಿನಲ್ಲಿ ಕಾಣುವುದು ಕೇಳಿದ ಬೆಲೆ, ಕೊಟ್ಟ ಬೆಲೆಯಲ್ಲ.

6. ರಿಪೇರಿ ಖರ್ಚು ಕಳೆಯುವುದು. ಪೂರ್ತಿ ಕೊಳೆತ ಕಾರನ್ನು ಸರಿಪಡಿಸುವ ಖರ್ಚು ಎಷ್ಟೋ ಸಲ ಸರಿಯಾದ ಕಾರಿನ ಬೆಲೆಯನ್ನೇ ಮೀರುತ್ತದೆ.

ನಮ್ಮಲ್ಲಿ ಯಾರ ಮನೆಯಲ್ಲಾದರೂ ಇದ್ದರೆ?

ಅಜ್ಜನ ಕಾಲದ ಎಂಜಿ ಅಥವಾ ಆಸ್ಟಿನ್ ನಿಮ್ಮ ಮನೆಯಲ್ಲಿ ನಿಂತಿದ್ದರೆ ಮೊದಲ ಕೆಲಸ: ಪೇಂಟ್ ಹೊಡೆಸಬೇಡಿ, ಹಳೆಯ ಭಾಗಗಳನ್ನು ಗುಜರಿಗೆ ಹಾಕಬೇಡಿ. ಇದ್ದ ಹಾಗೆಯೇ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಟ್ರಂಕಿನಲ್ಲಿರುವ ಹಳೆಯ ಆರ್‌ಸಿ, ವಿಮೆ ಚೀಟಿ, ಅಜ್ಜ ಕಾರಿನ ಪಕ್ಕ ನಿಂತ ಫೋಟೊ ಎಲ್ಲವನ್ನೂ ಒಟ್ಟಿಗೆ ಇಡಿ. ಅವೂ ಆ ಕಾರಿನ ಭಾಗಗಳೇ.

ಭಾರತದಲ್ಲಿ 2021ರಿಂದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮವಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂದರೆ ಮೂಲ ರೂಪ ಉಳಿಸಿಕೊಳ್ಳುವುದು ಇಲ್ಲಿ ಬೆಲೆಯ ಪ್ರಶ್ನೆ ಮಾತ್ರವಲ್ಲ, ಕಾನೂನಿನ ಪ್ರಶ್ನೆಯೂ ಹೌದು.

ಕೊನೆಯದಾಗಿ, 'ಲಂಡನ್ನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ, ಮುಂಗಡ ಕಳಿಸಿ' ಎಂಬ ಸಂದೇಶ ಬಂದರೆ ಫೋಟೊ ನೋಡಿ ಹಣ ಕಳಿಸಬೇಡಿ. ಚಾಸಿ ನಂಬರ್‌ನ ಚಿತ್ರ, ಪ್ರಮಾಣಪತ್ರ, ಕಡತ ಕೇಳಿ. ಅವು ಬಂದರೂ ಕಾರನ್ನು ಬಲ್ಲವರು ಖುದ್ದಾಗಿ ನೋಡುವವರೆಗೆ ಕಾಯಿರಿ. ನಿಜವಾದ ಕಾರಿನ ಮಾಲೀಕ ಕಾಯುತ್ತಾನೆ. ಅವಸರ ಮಾಡುವವನ ಬಳಿ ಬಹುಶಃ ಆ ಫೋಟೊ ಬಿಟ್ಟು ಬೇರೇನೂ ಇರುವುದಿಲ್ಲ.

ನೆನಪಿಡಿ: ಹಳೆಯ ಕಾರಿನ ಅಸಲಿತನ ಹೊಳಪಿನಲ್ಲೂ ಇಲ್ಲ, ಒಂದೇ ನಂಬರಿನಲ್ಲೂ ಇಲ್ಲ. ಕಾರ್ಖಾನೆಯಿಂದ ಇಂದಿನವರೆಗೆ ಕಡಿಯದೆ ಬಂದ, ತೋರಿಸಬಲ್ಲ ಚರಿತ್ರೆಯಲ್ಲಿದೆ. ಬೆಲೆ ಬರುವುದೂ ಅದಕ್ಕೇ.