ಮಾವಳ್ಳಿಯ ಹಳೆಯ ಉಪಾಹಾರ ಮಂದಿರ

ಹೋಟಲಿಗೂ ಒಂದು ಚರಿತ್ರೆಯುಂಟೆ ಎಂದು ನೀವು ಕೇಳಬಹುದು. ಶಾಸನಗಳು ಅರಸರ ದಾನದತ್ತಿಗಳನ್ನು ಹೇಳುತ್ತವೆ. ಪೇಟೆಯ ಜನ ಬೆಳಗಿನ ಹೊತ್ತು ಏನು ತಿಂದರು, ಎಲ್ಲಿ ಕುಳಿತು ತಿಂದರು ಎಂಬುದನ್ನು ತಿಳಿಯಬೇಕಾದರೆ ಬೇರೆ ಕಡೆ ನೋಡಬೇಕು. ಬೆಂಗಳೂರಿನ ಮಟ್ಟಿಗೆ ಅಂಥ ಒಂದು ಕಡೆ ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫಿನ್ ರೂಮ್ಸ್. ಎಂ.ಟಿ.ಆರ್. ಎಂದರೆ ನಿಮಗೆ ಬೇಗ ಗುರುತಾದೀತು.

ಉಡುಪಿಯ ಕಡೆಯ ಮಯ್ಯ ಸೋದರರು ಬಡತನದಿಂದ ಬೆಂಗಳೂರಿಗೆ ಬಂದು ಅಡಿಗೆಯ ಕೆಲಸದಿಂದ ಜೀವನ ಆರಂಭಿಸಿದವರು. 1924ರಲ್ಲಿ ಲಾಲ್‌ಬಾಗ್ ಕೋಟೆಯ ರಸ್ತೆಯಲ್ಲಿ ಕಾಫಿ ಇಡ್ಲಿಗಳ ಚಿಕ್ಕ ಅಂಗಡಿಯನ್ನು ತೆರೆದರು. ಆಗಿನ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಅಂದು ಇಂಥ ಹೆಸರು ಎಷ್ಟೋ ಅಂಗಡಿಗಳಿಗಿತ್ತು. ಮಡಿಯ ಅಡಿಗೆ ಎಂಬುದು ಅದರ ಒಂದು ಅರ್ಥ. ಎಲ್ಲರಿಗೂ ಇಲ್ಲಿ ಮಣೆಯಿಲ್ಲ ಎಂಬುದು ಆ ಕಾಲದಲ್ಲಿ ಇಂಥ ಹಲಗೆಗಳಿಂದ ಜನ ಓದಿಕೊಳ್ಳುತ್ತಿದ್ದ ಇನ್ನೊಂದು ಅರ್ಥ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 15ನೆಯ ಅನುಚ್ಛೇದ ಹೋಟಲು ಅಂಗಡಿಗಳನ್ನು ಹೆಸರಿಸಿಯೇ, ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದು ವಿಧಿಸಿತು. ಹಳೆಯ ತಿಂಡಿಯ ರುಚಿಯನ್ನು ಹೊಗಳುವವರು ಈ ಮಾತನ್ನು ಬಿಟ್ಟು ಹೇಳಬಾರದು.

ಇನ್ನು ಯುದ್ಧಕಾಲದ ಕಥೆ. ನಾನಿರುವ ರಾಜಗೋಪಾಲನಗರದಿಂದ ಜಾಲಹಳ್ಳಿ ದೂರವಲ್ಲ. ಎರಡನೆಯ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಅಲ್ಲಿಯ ಶಿಬಿರಗಳಲ್ಲಿ ಇರಿಸಿದ್ದರು. ಗಟ್ಟಿ ಗೋಧಿಯ ರವೆಯನ್ನು ನಾದಿ ಎಳೆಮಾಡಿ ಬೇಯಿಸಿ ಉಣ್ಣುವ ನಾಡಿನವರು ಅವರು. ಅದೇ ಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಆಗ ಮಾವಳ್ಳಿಯ ಅಡಿಗೆಮನೆಯಲ್ಲಿ ಗೋಧಿಯ ರವೆಗೆ ಮೊಸರು ಒಗ್ಗರಣೆ ಸೇರಿಸಿ ಹಬೆಯಲ್ಲಿ ಬೇಯಿಸಿದರಂತೆ. ರವೆ ಇಡ್ಲಿ ಹುಟ್ಟಿದ್ದು ಹೀಗೆಂದು ಆ ಮನೆಯವರು ಹೇಳುತ್ತಾರೆ. ಸೆರೆಯಾಳುಗಳಿಂದ ಕಲಿತರೆಂದು ಮಾತ್ರ ನೀವು ಕಥೆ ಕಟ್ಟಬೇಡಿ. ಒಂದೇ ಊರಿನ ಎರಡು ಅಂಚಿನಲ್ಲಿ ಅಂದು ರವೆಯ ಬಯಕೆಯಿತ್ತು, ಅಷ್ಟೆ.

ಅಕ್ಕಿಯಿಲ್ಲದ್ದು ಇಡ್ಲಿಯೇ ಅಲ್ಲ ಎನ್ನುವ ಹಿರಿಯರುಂಟು. ಹಳಗನ್ನಡ ಓದಿದವರು ಅವರಿಗೆ ಉತ್ತರ ಹೇಳಬಹುದು. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಎಂಬ ಮಾತು ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ಅದನ್ನು ಮಾಡುವ ಕ್ರಮವೂ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬಬೇಕು. ಅಕ್ಕಿಯ ಸುದ್ದಿಯೇ ಅಲ್ಲಿಲ್ಲ. ನಾವು ಸಂಪ್ರದಾಯವೆಂದು ಹಿಡಿದ ಅಕ್ಕಿಯೇ ಆಮೇಲೆ ಬಂದದ್ದು.

ಮಾವಳ್ಳಿಯ ಯಜ್ಞನಾರಾಯಣ ಮಯ್ಯರು ಈ ಅರ್ಥದಲ್ಲಿ ನಿಜವಾದ ಸಂಪ್ರದಾಯಸ್ಥರು. 1951ರಲ್ಲಿ ಯೂರೋಪು ಸುತ್ತಿ ಅಲ್ಲಿಯ ಹೋಟಲುಗಳ ಚೊಕ್ಕಟವನ್ನು ಕಂಡುಬಂದರು. ಬಂದವರು ತಟ್ಟೆ ಲೋಟಗಳನ್ನು ಹಬೆಯಿಂದ ಶುದ್ಧಿಮಾಡುವ ಏರ್ಪಾಡು ತಂದರು. ಗಿರಾಕಿಗಳು ಅಡಿಗೆಮನೆಯನ್ನು ಕಣ್ಣಾರೆ ನೋಡಬಹುದೆಂದರು. ಅಡಿಗೆಯವನು ಒಳಗೇನು ಮಾಡುತ್ತಾನೋ ಎಂಬ ಸಂಶಯಕ್ಕೆ ಜಾತಿಯ ಹಲಗೆಗಿಂತ ಇದು ಒಳ್ಳೆಯ ಉತ್ತರ. 1960ರಲ್ಲಿ ಹೋಟಲು ಇಂದಿನ ಕಟ್ಟಡಕ್ಕೆ ಬಂದಿತು. ಹಳೆಯ ಹೆಸರು ಹೋಗಿ ಊರ ಹೆಸರು ನಿಂತಿತು.

ದೊಡ್ಡ ಪರೀಕ್ಷೆ ಬಂದದ್ದು 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ. ಹೋಟಲಿನ ತಿಂಡಿಗಳನ್ನು ತೀರ ಕಡಮೆ ಬೆಲೆಗೆ ಮಾರಬೇಕೆಂದು ಸರ್ಕಾರ ಗೊತ್ತುಮಾಡಿತು. ಆ ಅಪ್ಪಣೆಯಲ್ಲಿ ನ್ಯಾಯವೇ ಇರಲಿಲ್ಲವೆಂದು ನಾನು ಹೇಳಲಾರೆ. ಪೀಣ್ಯದ ಕಾರ್ಖಾನೆಗಳಿಗೆ ಹೊರಟ ಕೆಲಸಗಾರರು ಕೈಯಲ್ಲಿ ತಟ್ಟೆ ಹಿಡಿದು, ನಿಂತೇ ಎರಡು ಇಡ್ಲಿ ತಿನ್ನುವುದನ್ನು ಬೆಳಗಿನ ಹೊತ್ತು ನೋಡುವವನಿಗೆ ನಾಲ್ಕಾಣೆಯ ಹೆಚ್ಚುಕಡಮೆ ಏನೆಂದು ಗೊತ್ತು. ಆದರೆ ಆ ಬೆಲೆಗೆ ಆ ತುಪ್ಪ, ಆ ಬೇಳೆ ಬರುವುದಿಲ್ಲ. ಸಾಂಬಾರಿಗೆ ನೀರು ಬೆರೆಸುವುದು ಸುಲಭದ ದಾರಿ. ಇವರು ಎಂದಿನ ತಿಂಡಿಯನ್ನೇ ಬಡಿಸಿ, ದಿನದ ನಷ್ಟವನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕುತ್ತಿದ್ದರಂತೆ. ಕೊನೆಗೆ ಬಾಗಿಲು ಮುಚ್ಚಿದರು.

ಮುಚ್ಚಿದ ಮನೆಯ ಕೆಲಸಗಾರರ ಗತಿಯೇನು? ಹಿಟ್ಟು, ಪುಡಿ, ದಿಢೀರ್ ತಿಂಡಿಗಳ ಮಿಶ್ರಣಗಳನ್ನು ಪೊಟ್ಟಣಕಟ್ಟಿ ಮಾರುವ ವ್ಯಾಪಾರ ಕೈಹಿಡಿಯಿತು. ನಿಮ್ಮ ಮನೆಯ ಗೂಡಿನಲ್ಲಿರುವ ರವೆ ಇಡ್ಲಿಯ ಪೊಟ್ಟಣದ ಹಿಂದೆ ಈ ಕಥೆಯಿದೆ. ಆ ಪೊಟ್ಟಣದ ವ್ಯಾಪಾರವನ್ನು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಕಂಪನಿ ಕೊಂಡಿತು. ಹೋಟಲು ಮಾತ್ರ ಮಯ್ಯರ ಮನೆತನದಲ್ಲೇ ಉಳಿಯಿತು. ಅದರ ಬಾಗಿಲು 1984ರಲ್ಲೇ ಮತ್ತೆ ತೆರೆದಿತ್ತು.

ಪೀಣ್ಯದಲ್ಲಿ ಮೆಟ್ರೊ ರೈಲು ಹತ್ತಿದರೆ ನೇರ ಲಾಲ್‌ಬಾಗಿನಲ್ಲಿ ಇಳಿಯಬಹುದು. ಭಾನುವಾರ ಹೋದರೆ ಕಾಯಬೇಕಾಗುತ್ತದೆ. ಹಸಿವನ್ನು ಸ್ವಲ್ಪ ಬೇಗ ಹೊರಡಿಸಿರಿ. ರವೆ ಇಡ್ಲಿಯ ಜೊತೆಗೆ ಆಲೂಗಡ್ಡೆಯ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ ಬರುತ್ತದೆ.